ಗಡಿಯಾರದ ಮುಖಕ್ಕೆ ಬಣ್ಣ ಬಳಿಯುವವರು

ಪರೇಲಿನ ರಸ್ತೆಗಳಲ್ಲಿ ನಡೆಯುವವರಿಗೆ ವಾಹನಗಳ ನಂಬರು ಬರೆದುಕೊಡುವ ಅಂಗಡಿಗಳ ಮೇಲೆ ‘ರೇಡಿಯಂ’ ಎಂಬ ಅಕ್ಷರಗಳು ಕಾಣಿಸುವುದುಂಟು. ಅಲ್ಲಿ ಮಾರುವ ವಸ್ತುವಿಗೂ ರೇಡಿಯಂ ಎಂಬ ಧಾತುವಿಗೂ ಯಾವ ಸಂಬಂಧವೂ ಇಲ್ಲ. ಅದು ಎದುರಿನಿಂದ ಬಿದ್ದ ಬೆಳಕನ್ನು ಹಿಂದಕ್ಕೆ ತೂರುವ ಹಾಳೆ. ಕತ್ತಲೆಯಲ್ಲಿ ತಾನಾಗಿ ಬೆಳಗುವ ಶಕ್ತಿ ಅದಕ್ಕಿಲ್ಲ. ಆದರೂ ನಮ್ಮ ಜನ ಅದನ್ನು ರೇಡಿಯಂ ಎಂದೇ ಕರೆಯುತ್ತಾರೆ. ಒಂದು ಕಾಲಕ್ಕೆ ಕತ್ತಲೆಯಲ್ಲಿ ಹೊಳೆಯುತ್ತಿದ್ದ ಕೈಗಡಿಯಾರಗಳನ್ನು ನಮ್ಮ ಹಿರಿಯರು ‘ರೇಡಿಯಂ ವಾಚು’ ಎನ್ನುತ್ತಿದ್ದರಲ್ಲ, ಆ ಮಾತು ವಸ್ತುವನ್ನು ಕಳೆದುಕೊಂಡು ಹೆಸರಾಗಿ ಮಾತ್ರ ಉಳಿದಿದೆ. ಹೆಸರು ಉಳಿದು ವಸ್ತು ಮರೆತುಹೋದಾಗ ಎರಡು ಬಗೆಯ ಅನರ್ಥಗಳು ಸಂಭವಿಸುತ್ತವೆ. ಒಂದು, ಅಪಾಯವು ಆಟದ ಸಾಮಾನಾಗುತ್ತದೆ. ಇನ್ನೊಂದು, ಚರಿತ್ರೆಯು ಕೊಳೆಯೆಂದು ಉಜ್ಜಿ ತೆಗೆಯಲ್ಪಡುತ್ತದೆ. ಈ ಎರಡೂ ಅನರ್ಥಗಳು ಇಂದು ನಮ್ಮ ಮುಂಬಯಿಯಲ್ಲಿ ಒಂದೇ ಮೇಜಿನ ಮೇಲೆ, ಒಂದೇ ಬ್ಲೇಡಿನ ತುದಿಯಲ್ಲಿ ನಡೆಯುತ್ತಿವೆ ಎಂಬುದನ್ನು ಹೇಳಲು ಈ ಲೇಖನ.

ಹಳೆಯ ಕೈಗಡಿಯಾರಗಳ ಡಯಲ್ಲಿನ ಮೇಲಿನ ಹೊಳೆಯುವ ಅಂಕಿಗಳು, ಚುಕ್ಕೆಗಳು ಕಾಲಕ್ರಮದಲ್ಲಿ ಕಂದುತ್ತವೆ. ಬಿಳಿಯಾಗಿ, ತುಸು ಹಸಿರಾಗಿ ಇದ್ದ ಲೇಪ ಮೊದಲು ಕೆನೆಯ ಬಣ್ಣಕ್ಕೆ, ಆಮೇಲೆ ಜೇನಿನ ಬಣ್ಣಕ್ಕೆ, ಕೊನೆಗೆ ಸುಟ್ಟ ಬೆಲ್ಲದ ಬಣ್ಣಕ್ಕೆ ತಿರುಗುತ್ತದೆ. ಇದನ್ನು ಕೊಳೆ ಎಂದು ತಿಳಿಯುವವರಿದ್ದಾರೆ. ವಾಸ್ತವವಾಗಿ ಇದು ಕೊಳೆಯಲ್ಲ, ದಹನ. 20ನೆಯ ಶತಮಾನದ ಮೊದಲ ದಶಕಗಳಿಂದ 1960ರ ದಶಕದವರೆಗೆ ಈ ಲೇಪಕ್ಕೆ ಬಳಸುತ್ತಿದ್ದುದು ರೇಡಿಯಂ ಲವಣ, ಸತುವಿನ ಸಲ್ಫೈಡು ಮತ್ತು ಇವೆರಡನ್ನೂ ಹಿಡಿದಿಡುವ ಅಂಟು ಅಥವಾ ವಾರ್ನಿಷು. ರೇಡಿಯಂ ಎಡೆಬಿಡದೆ ಆಲ್ಫಾ ಕಣಗಳನ್ನು ಉಗುಳುತ್ತದೆ. ಆ ಕಣಗಳ ಹೊಡೆತಕ್ಕೆ ಸತುವಿನ ಸಲ್ಫೈಡಿನ ಹರಳುಗಳು ಬೆಳಕನ್ನು ಸೂಸುತ್ತವೆ. ಆದರೆ ಹೊಡೆತ ತಿನ್ನುವ ಹರಳು ಎಷ್ಟು ಕಾಲ ತಾಳೀತು? ಕೆಲವು ವರ್ಷಗಳಲ್ಲಿ, ಹೆಚ್ಚೆಂದರೆ ಕೆಲವು ದಶಕಗಳಲ್ಲಿ ಅದರ ರಚನೆ ಶಿಥಿಲವಾಗಿ ಬೆಳಕು ಆರುತ್ತದೆ. ಅದೇ ವಿಕಿರಣದಿಂದ ಅಂಟು ಕಂದು ಬಣ್ಣಕ್ಕೆ ತಿರುಗಿ ಪುಡಿಪುಡಿಯಾಗುತ್ತದೆ. ಇದರ ಮೇಲೆ ಮುಂಬಯಿಯಂತಹ ಊರಿನ ನಾಲ್ಕು ತಿಂಗಳ ಮಳೆಗಾಲದ ತೇವ ಒಳನುಗ್ಗಿದರೆ ಲೇಪಕ್ಕೆ ಬೂಷ್ಟು ಹಿಡಿದು ಕಪ್ಪಾಗುತ್ತದೆ, ಉಕ್ಕಿನ ಮುಳ್ಳುಗಳ ತುಕ್ಕು ಅದರೊಳಗೆ ಇಳಿಯುತ್ತದೆ.

ಇಲ್ಲಿ ಓದುಗರು ಗಮನಿಸಬೇಕಾದ ಒಂದು ಸಂಗತಿಯಿದೆ. ಆರಿದ್ದು ಬೆಳಕು ಮಾತ್ರ, ಬೆಂಕಿ ಆರಿಲ್ಲ. ರೇಡಿಯಂ 226ರ ಅರ್ಧಾಯುಷ್ಯ ಸುಮಾರು 1600 ವರ್ಷ. ಅಂದರೆ 75 ವರ್ಷಗಳ ಹಿಂದೆ ಬಳಿದ ಚುಕ್ಕೆಯಲ್ಲಿ ಈತನಕ ಕ್ಷಯಿಸಿರುವುದು ನೂರರಲ್ಲಿ ಸುಮಾರು 3 ಪಾಲು ಮಾತ್ರ. ಕತ್ತಲೆಯಲ್ಲಿ ಹೊಳೆಯದ ಕಾರಣ ಈ ಗಡಿಯಾರ ‘ಸತ್ತಿದೆ’ ಎಂದು ತಿಳಿದು ಅದನ್ನು ಕೆರೆಯಲು ಕೂರುವವನು ಬದುಕಿರುವ ವಸ್ತುವನ್ನು ಕೆರೆಯುತ್ತಿದ್ದಾನೆ.

1960ರ ದಶಕದಲ್ಲಿ ರೇಡಿಯಂ ಹಿಂದೆ ಸರಿದು ಅದರ ಸ್ಥಾನಕ್ಕೆ ಟ್ರಿಟಿಯಂ ಬಂತು. ಡಯಲ್ಲಿನ ಕೆಳತುದಿಯಲ್ಲಿ ‘ಸ್ವಿಸ್’ ಎಂಬ ಪದದ ಎರಡು ಮಗ್ಗುಲಲ್ಲಿ ಕಾಣುವ ‘ಟಿ’ ಅಕ್ಷರ ಅದರದೇ ಗುರುತು. ಅದರ ಅರ್ಧಾಯುಷ್ಯ 12.3 ವರ್ಷ, 50 ವರ್ಷ ಕಳೆದರೆ ನೂರರಲ್ಲಿ ಸುಮಾರು 6 ಪಾಲು ಉಳಿದೀತು. ಅದು ಹೊಮ್ಮಿಸುವ ಬೀಟಾ ಕಣಗಳು ಬಲಹೀನ. ಗಡಿಯಾರದ ಗಾಜನ್ನೂ ದಾಟಲಾರವು. ಟ್ರಿಟಿಯಂ ಲೇಪವೂ ಕೆನೆಯಾಗಿ, ಹಳದಿಯಾಗಿ ಮಾಗುತ್ತದೆ. ಆದರೆ ಅಲ್ಲಿ ಬೆಳಕಿನ ಜೊತೆಗೆ ಬೆಂಕಿಯೂ ಬಹುಪಾಲು ಆರಿರುತ್ತದೆ. 1993ರಲ್ಲಿ ಜಪಾನಿನ ನೆಮೊಟೊ ಕಂಪನಿ ವಿಕಿರಣವೇ ಇಲ್ಲದ, ಹಗಲಿನ ಬೆಳಕನ್ನು ಕುಡಿದು ಇರುಳಿನಲ್ಲಿ ಸೂಸುವ ಸ್ಟ್ರಾನ್ಷಿಯಂ ಅಲ್ಯುಮಿನೇಟಿನ ಲೇಪವನ್ನು ರೂಪಿಸಿದ ಮೇಲೆ ಟ್ರಿಟಿಯಂ ಲೇಪದ ಕಾಲವೂ ಮುಗಿಯಿತು. ಆದ್ದರಿಂದ ಹಳೆಯ ಡಯಲ್ಲಿನ ಬಣ್ಣವೆಂದರೆ ಒಂದು ದಾಖಲೆ. ಯಾವ ದಶಕದ ಲೇಪ, ಯಾವ ಧಾತು, ಗಡಿಯಾರ ತೇವದಲ್ಲಿತ್ತೋ ಪೆಟ್ಟಿಗೆಯಲ್ಲಿತ್ತೋ ಎಂಬುದನ್ನು ಬಲ್ಲವರು ಅದರಲ್ಲಿ ಓದಬಲ್ಲರು.

ಈ ದಾಖಲೆಯ ಹಿಂದೆ ಮನುಷ್ಯರಿದ್ದಾರೆ. ಅಮೆರಿಕದ ನ್ಯೂಜೆರ್ಸಿಯ ಆರೆಂಜ್ ಪಟ್ಟಣದಲ್ಲಿ ಮೊದಲ ಮಹಾಯುದ್ಧದ ಕಾಲದಲ್ಲಿ ತರುಣಿಯರು ಡಯಲ್ಲುಗಳಿಗೆ ರೇಡಿಯಂ ಲೇಪವನ್ನು ಬಳಿಯುತ್ತಿದ್ದರು. ಅಂಕಿಗಳು ಸಪುರವಾಗಿ ಮೂಡಬೇಕಾದರೆ ಕುಂಚದ ತುದಿ ಚೂಪಾಗಿರಬೇಕು. ಅದಕ್ಕಾಗಿ ಕುಂಚವನ್ನು ತುಟಿಗಳ ನಡುವೆ ಹೊಸೆಯುವಂತೆ ಅವರಿಗೆ ಹೇಳಿಕೊಟ್ಟಿದ್ದರು. ರೇಡಿಯಂ ರಾಸಾಯನಿಕವಾಗಿ ಸುಣ್ಣದ ಧಾತುವಿನ ದಾಯಾದಿ. ಹೊಟ್ಟೆಗಿಳಿದದ್ದು ನೇರವಾಗಿ ಎಲುಬಿನಲ್ಲಿ ಮನೆಮಾಡಿತು. ಹಲ್ಲುಗಳುದುರಿದವು, ದವಡೆ ಕೊಳೆಯಿತು, ರಕ್ತ ಕೆಟ್ಟಿತು. ಗ್ರೇಸ್ ಫ್ರೈಯರ್ ಮತ್ತು ಇನ್ನೂ ನಾಲ್ವರು ಹೆಣ್ಣುಮಕ್ಕಳು ಹೂಡಿದ ಮೊಕದ್ದಮೆ 1928ರ ಜೂನಿನಲ್ಲಿ ತಲಾ 10,000 ಡಾಲರು ಮತ್ತು ವರ್ಷಕ್ಕೆ 600 ಡಾಲರುಗಳ ಒಪ್ಪಂದದಲ್ಲಿ ಮುಗಿಯಿತು. ದುಡಿಮೆಯಿಂದ ಬಂದ ರೋಗಕ್ಕೆ ಮಾಲೀಕನು ಹೊಣೆಗಾರ ಎಂಬ ತತ್ತ್ವಕ್ಕೆ ಈ ಹೋರಾಟವು ಬಲ ತಂದುಕೊಟ್ಟಿತೆಂದು ಲೋಕವೆಲ್ಲ ಒಪ್ಪುತ್ತದೆ. ಒಪ್ಪಿದ ಲೋಕದಲ್ಲಿ ನಾವೂ ಸೇರಿದ್ದೇವೆಯೆ?

ಈಗ ನನ್ನ ಮನೆಯ ಮಾತನ್ನು ಹೇಳಬೇಕು. ಕುಂದಾಪುರದ ಕಡೆಯಿಂದ ಬಂದ ನನ್ನ ತಂದೆಯವರು ಪರೇಲಿನ ಮಿಲ್ಲೊಂದರಲ್ಲಿ ದುಡಿಯುತ್ತಿದ್ದರು; ಬಹುಪಾಲು ಮೂರನೆಯ ಪಾಳಿ. ನಮ್ಮದು ಚಾಳಿನ ಒಂದೇ ಕೋಣೆ. ಅದರಲ್ಲಿ ನಾವು ಮನೆಯವರು, ಊರಿನಿಂದ ಬಂದು ನೆಲೆ ಹುಡುಕುತ್ತಿದ್ದ ಇಬ್ಬರು ಮೂವರು ನೆಂಟರು. ರಾತ್ರಿ ಪಾಳಿಗೆ ಹೊರಡುವವನು ದೀಪ ಹಾಕಿದರೆ ಮಲಗಿದವರಿಗೆಲ್ಲ ಎಚ್ಚರ. ಆದ್ದರಿಂದ ಅವರು ಮೊದಲನೆಯ ಸಂಬಳಗಳಲ್ಲಿ ಉಳಿಸಿ ಕೈಬದಲಾದ ಒಂದು ಸ್ವಿಸ್ ‘ರೇಡಿಯಂ ವಾಚು’ ಕೊಂಡಿದ್ದರು. ಅದರ ಮುಖ ಕೆನೆಯ ಬಣ್ಣದ್ದು. ನಾನು ಆರೇಳು ವರ್ಷದವನಿದ್ದಾಗ ಹೊದಿಕೆಯೊಳಗೆ ಅದನ್ನು ಹಿಡಿದರೆ ಮಿಣುಕು ಹುಳುವಿನಷ್ಟು ಬೆಳಕು ಕಾಣುತ್ತಿತ್ತು. ಆಮೇಲೆ ಅದೂ ಆರಿತು. 1982ರ ಜನವರಿ 18ರಂದು ಗಿರಣಿ ಕಾರ್ಮಿಕರ ಮುಷ್ಕರ ಆರಂಭವಾಯಿತು. ಡಾ. ದತ್ತಾ ಸಾಮಂತರ ನಾಯಕತ್ವದಲ್ಲಿ ಸುಮಾರು ಎರಡೂವರೆ ಲಕ್ಷ ಜನ ಕೆಲಸ ನಿಲ್ಲಿಸಿದ ಆ ಮುಷ್ಕರ ಇಂದಿಗೂ ವಿಧಿವತ್ತಾಗಿ ಹಿಂತೆಗೆದುಕೊಂಡದ್ದಲ್ಲ. ತಂದೆಯವರು ಮಿಲ್ಲಿಗೆ ಮರಳಲಿಲ್ಲ. ಪಾಳಿಯಿಲ್ಲದ ಮೇಲೆ ಗಡಿಯಾರಕ್ಕೆ ಕೀಲಿ ಕೊಡುವುದನ್ನೂ ನಿಲ್ಲಿಸಿದರು. ಅದು ನಾಲ್ಕು ಗಂಟೆ ಕಾಲರ ಮೇಲೆ ನಿಂತುಕೊಂಡು ಟ್ರಂಕಿನ ತಳ ಸೇರಿತು.

ತಂದೆಯವರು ತೀರಿಕೊಂಡ ಬಳಿಕ, ಸುಮಾರು 15 ವರ್ಷಗಳ ಹಿಂದೆ, ನಾನು ಅದನ್ನು ಹೊರತೆಗೆದೆ. ಅಂಕಿಗಳು ಗಾಢ ಕಂದಾಗಿದ್ದವು. ಮುಳ್ಳುಗಳನ್ನು ತುಸು ಸರಿಸಿ ನೋಡಿದಾಗ ಅವುಗಳ ಅಡಿಯಲ್ಲಿ ಡಯಲ್ಲಿನ ಮೇಲೆ ಕಂದು ಬಣ್ಣದ ನೆರಳುಗಳೆರಡು ಕಂಡವು. ನಾನು ಅದನ್ನು ಕಲೆ ಎಂದುಕೊಂಡೆ. ಪೇಟೆಯ ಒಂದು ರಿಪೇರಿ ಅಂಗಡಿಗೆ ಕೊಟ್ಟು “ಹೊಸದರ ಹಾಗೆ ಮಾಡಿಕೊಡಿ” ಎಂದೆ. ಅಂಗಡಿಯವರಲ್ಲಿ ತಪ್ಪಿಲ್ಲ, ಕೇಳಿದ್ದನ್ನು ಅವರು ಮಾಡಿದರು. ವಾರದ ಮೇಲೆ ಹೋದಾಗ ಹೊಳೆಯುವ ಬಿಳಿಯ ಮುಖ, ಗಿಳಿಹಸಿರು ಚುಕ್ಕೆಗಳ ಗಡಿಯಾರವೊಂದು ನನ್ನ ಕೈಸೇರಿತು. ಬದಿಯ ಮಣೆಯ ಮುಂದೆ ಹದಿನೆಂಟರ ಹುಡುಗನೊಬ್ಬ ಇನ್ನೊಂದು ಹಳೆಯ ಡಯಲ್ಲನ್ನು ಬ್ಲೇಡಿನಿಂದ ಕೆರೆದು, ಪುಡಿಯನ್ನು ಬಾಯಿಂದ ಊದುತ್ತಿದ್ದ. ಮನೆಗೆ ತಂದು ಅಮ್ಮನ ಕೈಯಲ್ಲಿಟ್ಟೆ. ಅವರು ತಿರುಗಿಸಿ ತಿರುಗಿಸಿ ನೋಡಿ, “ಇದು ಅವರದ್ದಲ್ಲ ಮಗಾ” ಎಂದರು.

ಆ ನೆರಳು ಏನೆಂಬುದು ನನಗೆ ತಿಳಿದದ್ದು ಬಹಳ ತಡವಾಗಿ. ರೇಡಿಯಂ ಲೇಪದ ಮುಳ್ಳುಗಳು ವರ್ಷಗಟ್ಟಲೆ ಒಂದೇ ಕಡೆ ನಿಂತರೆ ಅವುಗಳ ವಿಕಿರಣ ಅಡಿಯ ಮೇಲ್ಮೈಯನ್ನು ಸುಟ್ಟು ತನ್ನ ಆಕಾರವನ್ನೇ ಅಲ್ಲಿ ಅಚ್ಚೊತ್ತುತ್ತದೆ. ನನ್ನ ತಂದೆಯವರು ಕೀಲಿ ಕೊಡುವುದನ್ನು ನಿಲ್ಲಿಸಿದ ಗಳಿಗೆಯನ್ನು ಆ ಡಯಲ್ಲು ತನ್ನ ಮೈಮೇಲೆ ಬರೆದುಕೊಂಡಿತ್ತು. ಯಾವ ಯೂನಿಯನ್ನಿನ ಕಡತದಲ್ಲಿಯೂ, ಯಾವ ಮಿಲ್ಲಿನ ಹಾಜರಿ ಪುಸ್ತಕದಲ್ಲಿಯೂ ಇಲ್ಲದ ದಾಖಲೆ ಅದು. ಅದನ್ನು ನಾನು ಹಣ ಕೊಟ್ಟು ಅಳಿಸಿದೆ. ಆದ್ದರಿಂದ ಈ ಲೇಖನದ ಮೊದಲ ಆರೋಪಿ ನಾನೇ.

ಹಳೆಯ ಡಯಲ್ಲುಗಳಿಗೆ ಹೊಸ ಬಣ್ಣ ಬಳಿದು ಮಾರುವ ಕಸುಬು ಎಷ್ಟು ಬೆಳೆದಿದೆಯೆಂದರೆ, ಅಂತಹ ಗಡಿಯಾರಗಳಿಗೆ ಲೋಕದ ಸಂಗ್ರಾಹಕರು ಇಟ್ಟಿರುವ ಹೆಸರೇ ‘ಮುಂಬಯಿ ಸ್ಪೆಷಲ್’. ಮುಂಬಯಿಯಲ್ಲಿ ಬಾಳಿದ ನಮಗೆ ಇದು ಹೆಮ್ಮೆಯ ಬಿರುದಲ್ಲ. ಕನ್ನಡಿಗರಾದ ನಮಗಂತೂ ಇನ್ನೊಂದು ಕಾರಣಕ್ಕೆ ಇದು ಚುಚ್ಚಬೇಕು. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಿಂದ ಬೆಂಗಳೂರಿನಲ್ಲಿ ಎಚ್.ಎಂ.ಟಿ. ಗಡಿಯಾರ ಕಾರ್ಖಾನೆ ಆರಂಭವಾಯಿತು. ಮುಂದೆ ತುಮಕೂರಿನಲ್ಲಿಯೂ ಕಾರ್ಖಾನೆ ಬಂತು. ಕನ್ನಡ ನಾಡಿನ ಸಾವಿರಾರು ಹೆಣ್ಣುಗಂಡುಗಳ ಕೈಗಳು ‘ಜನತಾ’, ‘ಪೈಲಟ್’, ‘ಜವಾನ್’ಗಳನ್ನು ಜೋಡಿಸಿದವು. 2016ರ ಜನವರಿಯಲ್ಲಿ ಕೇಂದ್ರ ಸಚಿವ ಸಂಪುಟವು ಎಚ್.ಎಂ.ಟಿ. ವಾಚಸ್ ಕಂಪನಿಯನ್ನು ಮುಚ್ಚುವ ತೀರ್ಮಾನವನ್ನು ತೆಗೆದುಕೊಂಡಿತು. ಕಾರ್ಖಾನೆ ಮುಚ್ಚಿದ ಮೇಲೆ ಅಭಿಮಾನ ಉಕ್ಕಿತು. ಅಭಿಮಾನ ಉಕ್ಕಿದಲ್ಲಿ ಪೇಟೆ ಹುಟ್ಟಿತು. ಕಪ್ಪು ಮುಖಕ್ಕೆ ಹೆಸರಾದ ಪೈಲಟ್ ಇಂದು ಕೆಂಪು, ನೀಲಿ, ಕಿತ್ತಳೆ ಬಣ್ಣಗಳಲ್ಲಿ, ಕಾರ್ಖಾನೆ ಕನಸಿನಲ್ಲಿಯೂ ಕಾಣದ ಲಾಂಛನಗಳೊಡನೆ ದೊರೆಯುತ್ತದೆ. ಬೆಂಗಳೂರಿನ ಕಾರ್ಮಿಕನು ಬಳಿದ ಲೇಪವನ್ನು ಕೆರೆದು, ಅದರ ಮೇಲೆ ಸುಳ್ಳು ಬರೆದು, ಅದನ್ನೇ ‘ಹಳೆಯ ನೆನಪು’ ಎಂದು ಮಾರುತ್ತಾರೆ. ಕೊಳ್ಳುವವರಲ್ಲಿ ನಾವೂ ಇದ್ದೇವೆ.

ಇದಕ್ಕೆ ವಿರುದ್ಧ ದಿಕ್ಕಿನಿಂದ ಬರುವ ಇನ್ನೊಂದು ಪಂಗಡವನ್ನೂ ಬಿಡುವಂತಿಲ್ಲ. ಇವರು ಸಿರಿವಂತ ರಸಿಕರು. ಕಂದಿದ ಚುಕ್ಕೆಗಳೇ ಇವರಿಗೆ ಸೌಂದರ್ಯ. ಕಂದಿನ ಛಾಯೆಯ ಮೇಲೆ ಬೆಲೆ ಏರುತ್ತದೆ. ಬೇಡಿಕೆ ಕಂಡ ತಯಾರಕರು ವಿಕಿರಣವಿಲ್ಲದ ಹೊಸ ಲೇಪಕ್ಕೆ ಮೊದಲೇ ಕಂದು ಬಣ್ಣ ಬೆರೆಸಿ ಮಾರುತ್ತಾರೆ. ಅದರ ಒಂದು ಛಾಯೆಗೆ ‘ಓಲ್ಡ್ ರೇಡಿಯಂ’ ಎಂದೇ ಹೆಸರು. ಹುಟ್ಟಿದ ದಿನವೇ ಎಪ್ಪತ್ತರ ಮುಪ್ಪು! ಯಾವ ಲೇಪವನ್ನು ತುಟಿಯಿಂದ ತೀಡಿ ತರುಣಿಯರು ಸತ್ತರೋ ಆ ಲೇಪದ ಹೆಸರು ಇಂದು ಒಂದು ಅಲಂಕಾರದ ಬಣ್ಣ. ಲೋವರ್ ಪರೇಲಿನ ಫೀನಿಕ್ಸ್ ಮಿಲ್ಲಿನ ಆವರಣದಲ್ಲಿ ಮಾಲು ಎದ್ದಾಗ ಹಳೆಯ ಚಿಮಣಿಯನ್ನು ಉಳಿಸಿಕೊಂಡರು. ಅದನ್ನು ನೋಡಿದಾಗಲೆಲ್ಲ ನನಗೆ ಈ ಬಣ್ಣ ನೆನಪಾಗುತ್ತದೆ. ಹೊಗೆ ಬೇಡ, ಭೋಂಗಾ ಬೇಡ, ಕಾರ್ಮಿಕ ಬೇಡ. ಗತಕಾಲದ ಒಂದು ಕಂಬ ಶೋಭೆಗೆ ಬೇಕು. ಒಬ್ಬನು ಮುಪ್ಪನ್ನು ಅಳಿಸುತ್ತಾನೆ, ಇನ್ನೊಬ್ಬನು ಮುಪ್ಪನ್ನು ನಟಿಸುತ್ತಾನೆ. ನಿಜವಾಗಿ ಮುಪ್ಪಾದದ್ದನ್ನು ಇಬ್ಬರೂ ಎದುರಿಸಲಾರರು.

ನನ್ನ ಮಾತಿಗೆ ಆಕ್ಷೇಪಗಳಿವೆ ಎಂದು ಬಲ್ಲೆ. ಗಡಿಯಾರವಿರುವುದು ವೇಳೆ ನೋಡಲು, ಪೂಜೆಗಲ್ಲ. ಒಡೆಯನಿಗೆ ತನ್ನ ವಸ್ತುವನ್ನು ಬೇಕಾದಂತೆ ಮಾಡಿಕೊಳ್ಳುವ ಹಕ್ಕಿಲ್ಲವೆ ಎಂಬುದು ಮೊದಲನೆಯದು. ಹಕ್ಕಿದೆ. ಯಂತ್ರವನ್ನು ಬಿಚ್ಚಿ ತೊಳೆದು ಎಣ್ಣೆ ಹಾಕಿಸುವುದು ದುರಸ್ತಿ; ಅದನ್ನು ಯಾರೂ ಬೇಡವೆನ್ನುವುದಿಲ್ಲ. ಡಯಲ್ಲಿಗೆ ಬಣ್ಣ ಬಳಿಯುವುದು ದುರಸ್ತಿಯಲ್ಲ, ತಿದ್ದುಪಡಿ. ಬಡ ಕಸುಬುದಾರರ ಹೊಟ್ಟೆಯ ಮೇಲೆ ಹೊಡೆಯುತ್ತೀರಲ್ಲ ಎಂಬುದು ಎರಡನೆಯದು. ಇದನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಆ ಕಸುಬುದಾರನ ಶ್ವಾಸಕೋಶದ ಬಗ್ಗೆ ಇದುವರೆಗೆ ಯಾರು ಯೋಚಿಸಿದ್ದಾರೆ? ಪರೇಲಿನಲ್ಲಿಯೇ 1941ರಲ್ಲಿ ಟಾಟಾ ಸ್ಮಾರಕ ಆಸ್ಪತ್ರೆ ತೆರೆಯಿತು. 1963ರಿಂದ ಪರಮಾಣು ಸಂಶೋಧನಾ ಕೇಂದ್ರದ ವಿಕಿರಣ ವೈದ್ಯಕೀಯ ಕೇಂದ್ರವೂ ಇಲ್ಲಿಯೇ ಇದೆ. ವಿಕಿರಣಶೀಲ ವಸ್ತುವಿನ ಪ್ರತಿಯೊಂದು ಕಣಕ್ಕೂ ಅಲ್ಲಿ ಲೆಕ್ಕವಿದೆ, ಸೀಸದ ತಡೆಯಿದೆ, ಕೆಲಸಗಾರನ ಎದೆಯ ಮೇಲೆ ವಿಕಿರಣವನ್ನು ಅಳೆಯುವ ಬಿಲ್ಲೆಯಿದೆ. ಆಸ್ಪತ್ರೆಯಲ್ಲಿ ಇಷ್ಟು ಜತನ ಬೇಡುವ ಕುಲದ ವಸ್ತುವನ್ನು ಪೇಟೆಯಲ್ಲಿ ಹುಡುಗ ಬಾಯಿಂದ ಊದುತ್ತಾನೆ. ನ್ಯೂಜೆರ್ಸಿಯ ಹೆಣ್ಣುಮಕ್ಕಳ ತುಟಿಗೂ ಈ ಹುಡುಗನ ಉಸಿರಿಗೂ ನಡುವೆ ನೂರು ವರ್ಷಗಳ ಅಂತರವಿದೆ, ಅಜ್ಞಾನದ ಅಂತರವಿಲ್ಲ. ಅವರಿಗೆ ಹೇಳದೆ ಮುಚ್ಚಿಟ್ಟವನು ಮಾಲೀಕ. ಇವನಿಗೆ ಹೇಳದೆ ಇರುವವರು ಗಿರಾಕಿಗಳಾದ ನಾವು.

ರೇಡಿಯಂ ಅಷ್ಟು ಅಪಾಯವಾದರೆ ಕೆರೆದು ತೆಗೆಯುವುದೇ ಲೇಸಲ್ಲವೆ ಎಂಬುದು ಮೂರನೆಯ ಆಕ್ಷೇಪ. ಇಲ್ಲಿ ತರ್ಕ ತಲೆಕೆಳಗಾಗಿದೆ. ಆಲ್ಫಾ ಕಣಗಳನ್ನು ಗಾಜು ತಡೆಯುತ್ತದೆ, ಚರ್ಮವೂ ತಡೆಯುತ್ತದೆ. ಪುಡಿಯಾಗಿ ಮೂಗು ಬಾಯಿಗಳ ಮೂಲಕ ಒಳಹೊಕ್ಕಾಗ ಅದು ಘಾತಕ. ಮುಚ್ಚಿದ ಗಡಿಯಾರವನ್ನು ಮುಚ್ಚಿಯೇ ಇಡುವುದು ಕ್ಷೇಮ. ಜೊತೆಗೆ ಗಾಮಾ ಕಿರಣಗಳೂ ಇರುವುದರಿಂದ ಅದನ್ನು ದಿಂಬಿನಡಿ ಇಟ್ಟು ಮಲಗಬಾರದು, ಮಕ್ಕಳ ಕೈಗೆ ಕೊಡಬಾರದು. ರೇಡಿಯಂನಿಂದ ರೇಡಾನ್ ಅನಿಲ ಹುಟ್ಟುವ ಕಾರಣ ಇಂತಹ ಹತ್ತಾರು ಗಡಿಯಾರಗಳನ್ನು ಗಾಳಿಯಾಡದ ಕೋಣೆಯಲ್ಲಿ ಕೂಡಿಡಬಾರದು. ತೆಗೆಯಲೇಬೇಕಾದರೆ ಅದಕ್ಕೆ ಬೇಕಾದ ಸಲಕರಣೆ, ತಿಳಿವಳಿಕೆ ಇರುವವರು ತೆಗೆಯಲಿ. ದೇಶದ ಅಣುಶಕ್ತಿ ನಿಯಂತ್ರಣ ಮಂಡಳಿ 1983ರಿಂದ ಇದೇ ಮುಂಬಯಿಯಲ್ಲಿದೆ. ವಾಚು ರಿಪೇರಿಯವರ ಬೀದಿಗಳಿಗೆ ಹಿಂದಿಯಲ್ಲಿ, ಮರಾಠಿಯಲ್ಲಿ, ಕನ್ನಡದಲ್ಲಿ ಒಂದು ಪುಟದ ಎಚ್ಚರಿಕೆಯನ್ನು ಹಂಚುವುದು ಸರಕಾರಕ್ಕೂ ಭಾರವಲ್ಲ, ನಮ್ಮಂತಹ ಸಂಘಗಳಿಗೂ ಭಾರವಲ್ಲ. ನಾವು ಶಾಲು ಹೊದಿಸಲು ಮಾಡುವ ಖರ್ಚಿನ ಒಂದಂಶ ಸಾಕು.

ನಾನು ಕೇಂದ್ರ ಸರಕಾರದ ಕಚೇರಿಯಲ್ಲಿ ಮೂರು ದಶಕ ಕಡತಗಳ ನಡುವೆ ಬಾಳಿದವನು. ಅಲ್ಲಿ ಒಂದು ಹಳೆಯ ನಿಯಮವಿದೆ. ಬರೆದದ್ದು ತಪ್ಪಾದರೆ ಅದನ್ನು ಕೆರೆಯಕೂಡದು, ಅದರ ಮೇಲೆ ಬಿಳಿ ಬಳಿಯಕೂಡದು. ಮೂಲ ಅಕ್ಷರ ಓದಲು ಸಿಗುವಂತೆ ಒಂದು ಗೆರೆ ಎಳೆದು, ಪಕ್ಕದಲ್ಲಿ ಸರಿಯಾದುದನ್ನು ಬರೆದು, ತಾರೀಕು ಹಾಕಿ ಚಿಕ್ಕ ಸಹಿ ಮಾಡಬೇಕು. ಕಾರಕೂನನಿಗೆ ನಾವು ವಿಧಿಸುವ ಈ ಪ್ರಾಮಾಣಿಕತೆಯನ್ನು ನಮ್ಮ ನೆನಪುಗಳಿಗೆ ವಿಧಿಸಿಕೊಳ್ಳಬಾರದೇಕೆ? ಡಯಲ್ಲನ್ನು ಬದಲಿಸಲೇಬೇಕಾಗಿ ಬಂದರೆ ಹಳೆಯ ಡಯಲ್ಲನ್ನು ಕೆರೆಯದೆ ಹಿಂದಕ್ಕೆ ಕೇಳಿ ಪಡೆಯೋಣ. ರೇಡಿಯಂನದ್ದಾದರೆ ಭದ್ರವಾದ ಡಬ್ಬಿಯಲ್ಲಿ ಮುಚ್ಚಿ, ಮೇಲೆ ಹೆಸರು ಬರೆದಿಡೋಣ. ಬಣ್ಣ ಬಳಿದ ಗಡಿಯಾರವನ್ನು ಮಾರುವವನು ಬಣ್ಣ ಬಳಿದದ್ದೆಂದು ಹೇಳಿಯೇ ಮಾರಲಿ. 1950ರ ಗಡಿಯಾರವೊಂದು ಕತ್ತಲೆಯಲ್ಲಿ ಗಿಳಿಹಸಿರಾಗಿ ಝಗಝಗಿಸಿದರೆ ಅದು ಸುಳ್ಳು ಹೇಳುತ್ತಿದೆ ಎಂದು ತಿಳಿಯುವಷ್ಟು ನಮ್ಮ ಕಣ್ಣು ಪಳಗಲಿ. ಮುಖ್ಯವಾಗಿ, ತಂದೆತಾಯಿಗಳ ವಸ್ತುಗಳನ್ನು ಹಿಡಿದು “ಹೊಸದರ ಹಾಗೆ ಮಾಡಿಕೊಡಿ” ಎಂದು ಕೇಳುವ ಮೊದಲು ಒಂದು ರಾತ್ರಿ ತಡೆಯೋಣ.

ತಂದೆಯವರ ಗಡಿಯಾರ ಈಗಲೂ ನನ್ನ ಬಳಿ ಇದೆ. ಅದು ಸರಿಯಾದ ವೇಳೆಯನ್ನೇ ತೋರಿಸುತ್ತದೆ. ಕಳೆದ ಮಳೆಗಾಲದಲ್ಲಿ ಅದರ ಪೆಟ್ಟಿಗೆಯೊಳಗೆ ಒಂದು ಚೀಟಿ ಬರೆದಿಟ್ಟಿದ್ದೇನೆ: ‘ಇದರ ಮೂಲ ಡಯಲ್ಲು ಕೆನೆಯ ಬಣ್ಣದ್ದು. ಅಂಕಿಗಳು ಕಂದಾಗಿದ್ದವು. ಮುಳ್ಳುಗಳ ನೆರಳು ನಾಲ್ಕು ಗಂಟೆ ಕಾಲರ ಮೇಲೆ ಇತ್ತು. ನನ್ನ ಮಾತಿನ ಮೇರೆಗೆ ಅಳಿಸಲಾಯಿತು.’ ಕೆಳಗೆ ತಾರೀಕು ಹಾಕಿ ಸಹಿ ಮಾಡಿದ್ದೇನೆ.